ತಡವಾದ ದುರಸ್ತಿಗೆ ಬೆಲೆಯುಂಟೇ?

ನಿಮ್ಮ ಅಡುಗೆಮನೆಯ ಸಿಂಕಿನ ಕೆಳಗಿನ ಬಾಗಿಲನ್ನು ನೀವು ಕೊನೆಯ ಬಾರಿ ತೆರೆದು ನೋಡಿದ್ದು ಯಾವಾಗ? ಅಲ್ಲಿ ಒಂದು ಹಳೆಯ ಬಟ್ಟೆಯೋ ಪ್ಲಾಸ್ಟಿಕ್ ಡಬ್ಬಿಯೋ ಇದ್ದೀತು. ನೀರು ತೊಟ್ಟಿಕ್ಕುವಲ್ಲಿ ಅದನ್ನು ಇಟ್ಟವರು ಯಾರು, ಒದ್ದೆಯಾದಾಗ ಹಿಂಡುವವರು ಯಾರು ಎಂಬುದು ಮನೆಯ ಎಲ್ಲರಿಗೂ ತಿಳಿದಿರುತ್ತದೆ ಎನ್ನುವಂತಿಲ್ಲ. ಇಷ್ಟು ಚಿಕ್ಕ ಸಂಗತಿಯಿಂದ ಆರಂಭಿಸಿ ಒಂದು ದೊಡ್ಡ ಪ್ರಶ್ನೆಯನ್ನು ನಿಮ್ಮ ಮುಂದಿಡಬಯಸುತ್ತೇನೆ. ಸಕಾಲದಲ್ಲಿ ಮಾಡದೆ ಬಿಟ್ಟ ದುರಸ್ತಿಯನ್ನು, ಅದನ್ನು ಕೇಳಿದವರೇ ಇಲ್ಲವಾದ ಮೇಲೆ ಮಾಡಿದರೆ, ಅದಕ್ಕೆ ಬೆಲೆಯುಂಟೇ?

ಈ ಪ್ರಶ್ನೆ ನನ್ನದಲ್ಲ. 2019ರ ಬೇಸಿಗೆಯಲ್ಲಿ, ರಜೆಗೆ ತೆರಳಿದ್ದ ಗುರುಗಳೊಬ್ಬರ ಬದಲಿಗೆ ಜರ್ಮನಿಯ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ನಾಲ್ಕು ವಾರ ಸೇವೆ ಸಲ್ಲಿಸುತ್ತಿದ್ದಾಗ ಇದನ್ನು ನನ್ನ ಮುಂದಿಟ್ಟವರು ಒಬ್ಬ ವೃದ್ಧ ಬಡಗಿ. ಊರಿನವರ ಬಾಗಿಲು, ಕಿಟಕಿ, ಮೇಜುಗಳನ್ನೆಲ್ಲ ಸರಿಪಡಿಸಿಕೊಟ್ಟ ಕೈ ಅವರದು. ಹೆಂಡತಿ ತೀರಿಕೊಂಡು ಒಂದು ವರ್ಷವಾಗಿತ್ತು. ಅವರ ಅಂಗಳದಲ್ಲಿ 1970ರ ದಶಕದ ಒಂದು ಫೋಕ್ಸ್‌ವ್ಯಾಗನ್ ಪ್ರವಾಸಿ ವ್ಯಾನು ನಿಂತಿತ್ತು.

ಈ ವಾಹನದ ಕುಲವೃತ್ತಾಂತವನ್ನು ಎರಡು ಮಾತಿನಲ್ಲಿ ಹೇಳಬೇಕು. 1947ರಲ್ಲಿ ಬೆನ್ ಪಾನ್ ಎಂಬ ಡಚ್ ವರ್ತಕ ತನ್ನ ಟಿಪ್ಪಣಿ ಪುಸ್ತಕದಲ್ಲಿ ಪೆಟ್ಟಿಗೆಯಂತಹ ಒಂದು ವಾಹನದ ಚಿತ್ರವನ್ನು ಗೀಚಿದ್ದ. 1950ರಲ್ಲಿ ಅದು ವೋಲ್ಫ್ಸ್‌ಬುರ್ಗ್ ಕಾರ್ಖಾನೆಯಿಂದ ಹೊರಬಂದಿತು; 1956ರಿಂದ ಹ್ಯಾನೋವರ್‌ನಲ್ಲಿ ತಯಾರಾಯಿತು. ವೆಸ್ಟ್‌ಫಾಲಿಯಾ ಎಂಬ ಸಂಸ್ಥೆ 1951ರಿಂದಲೇ ಅದರೊಳಗೆ ಮಡಚುವ ಹಾಸಿಗೆ, ಕಪಾಟು, ಮೇಜುಗಳನ್ನು ಅಳವಡಿಸತೊಡಗಿತು. ಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡು ಮತ್ತೆ ಬದುಕು ಕಟ್ಟಿಕೊಳ್ಳುತ್ತಿದ್ದ ಜನರಿಗೆ, ಹೋಟೆಲಿನ ಖರ್ಚಿಲ್ಲದೆ ಮಕ್ಕಳೊಂದಿಗೆ ಬೆಟ್ಟವನ್ನೋ ಸಮುದ್ರವನ್ನೋ ನೋಡಿಬರಲು ಇದು ಚಲಿಸುವ ಪುಟ್ಟ ಮನೆಯಾಯಿತು. ಆ ಮನೆಯ ಅಡುಗೆಯ ಮೂಲೆಯಲ್ಲಿ ಒಂದು ಸಿಂಕು; ಅದರ ಪಕ್ಕದಲ್ಲಿ, ಕೆಳಗಿನ ಡಬ್ಬದಿಂದ ನೀರೆತ್ತಲು ಒಂದು ಕೈಪಂಪು.

ಆ ಪಂಪು ಸೋರುತ್ತಿತ್ತು. ಹಲವು ವರ್ಷಗಳಿಂದ ಸೋರುತ್ತಿತ್ತು. "ಇದನ್ನೊಂದು ನೋಡಿ" ಎಂದು ಹೆಂಡತಿ ಪ್ರತಿ ಪ್ರವಾಸದಲ್ಲೂ ಹೇಳುತ್ತಿದ್ದರಂತೆ. "ಮನೆಗೆ ಹೋದ ಮೇಲೆ ನೋಡೋಣ" ಎಂದು ಇವರು ಪ್ರತಿ ಬಾರಿಯೂ ಉತ್ತರಿಸುತ್ತಿದ್ದರಂತೆ. ಕ್ರಮೇಣ ಆಕೆ ಹೇಳುವುದನ್ನು ನಿಲ್ಲಿಸಿದರು. ಸಮಸ್ಯೆ ಮುಗಿಯಿತೆಂದೇ ಇವರು ಭಾವಿಸಿದರು. ಆಕೆಯ ಮರಣಾನಂತರ ವ್ಯಾನನ್ನು ಮಾರಲೆಂದು ಖಾಲಿ ಮಾಡುವಾಗ ಕಪಾಟಿನೊಳಗೆ, ಪಂಪಿನ ಬುಡಕ್ಕೆ ಸರಿಯಾಗಿ, ನಾಲ್ಕಾಗಿ ಮಡಚಿದ ಒಂದು ಬಟ್ಟೆ ಸಿಕ್ಕಿತು. ಹಿಂಡಿ, ಒಣಗಿಸಿ, ಮತ್ತೆ ಹಾಸಿ ಅದು ಜಾಲರಿಯಂತಾಗಿತ್ತು. ಅದರಡಿಯ ಹಲಗೆ ಕೊಳೆತು ಬೆರಳಿಟ್ಟರೆ ಒಳಗಿಳಿಯುತ್ತಿತ್ತು. "ನಾನು ಬಡಗಿ, ಫಾದರ್. ಈಗ ಇದನ್ನು ಯಾರಿಗಾಗಿ ಸರಿಪಡಿಸಲಿ?" ಎಂದರು ಅವರು. ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. "ಮೊದಲು ಬಿಚ್ಚಿ ನೋಡೋಣ" ಎಂದೆ.

ಪಂಪು ನೀರನ್ನು ಎಳೆಯುತ್ತದೆ ಎನ್ನುವುದು ನಮ್ಮ ಮಾತಿನ ರೂಢಿ. ವಾಸ್ತವದಲ್ಲಿ ಪಂಪು ಮಾಡುವುದು ಜಾಗ ಬಿಟ್ಟುಕೊಡುವ ಕೆಲಸವನ್ನಷ್ಟೇ. ಹಿಡಿಯನ್ನು ಮೇಲೆತ್ತಿದಾಗ ಕೊಳವೆಯೊಳಗಿನ ಕೊಂತ ಮೇಲೇರುತ್ತದೆ. ಅದರ ಕೆಳಗೆ ಒತ್ತಡ ಕುಗ್ಗುತ್ತದೆ. ಆಗ ಡಬ್ಬದ ನೀರಿನ ಮೇಲೆ ಕುಳಿತಿರುವ ಹೊರಗಿನ ವಾಯುಭಾರವೇ ನೀರನ್ನು ಮೇಲಕ್ಕೆ ತಳ್ಳುತ್ತದೆ. 17ನೆಯ ಶತಮಾನದಲ್ಲಿ ಇಟಲಿಯ ಟೊರಿಚೆಲ್ಲಿ ವಾಯುಭಾರದ ಗುಟ್ಟನ್ನು ಬಿಡಿಸಿದ ಮೇಲೆ ಇದು ಸ್ಪಷ್ಟವಾಯಿತು. ಹಿಡಿಯನ್ನು ಕೆಳಗೊತ್ತಿದಾಗ ಬುಡದ ಕವಾಟ ಮುಚ್ಚಿಕೊಂಡು ನೀರು ಹಿಂದಿರುಗದಂತೆ ತಡೆಯುತ್ತದೆ. ಕೊಂತದ ಕವಾಟ ತೆರೆದು ನೀರು ಅದರ ಮೇಲ್ಭಾಗಕ್ಕೆ ಬರುತ್ತದೆ. ಮತ್ತೊಮ್ಮೆ ಎತ್ತಿದಾಗ ಅದು ಮೂತಿಯಿಂದ ಸಿಂಕಿಗೆ ಸುರಿಯುತ್ತದೆ. ಕೊಂತದ ಸರಳು ಹೊರಬರುವ ಕಂಠದಲ್ಲಿ ಒಂದು ರಬ್ಬರ್ ಬಳೆ. ಅದು ಸವೆದರೆ, ಎತ್ತಿದಾಗಲೆಲ್ಲ ಸ್ವಲ್ಪ ನೀರು ಸರಳಿನ ಸುತ್ತ ಜಿನುಗಿ, ಪಂಪಿನ ಹೊರಮೈಯನ್ನು ಹಿಡಿದು ಕತ್ತಲೆಯ ಕಪಾಟಿಗಿಳಿಯುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಇಂತಹ ಪಂಪು ಸುಮ್ಮನೆ ನಿಂತಾಗ ಸೋರುವುದಿಲ್ಲ. ಕೆಲಸ ಮಾಡುವಾಗ ಮಾತ್ರ ಸೋರುತ್ತದೆ. ಅಂಗಳದಲ್ಲಿ ನಿಂತ ವ್ಯಾನನ್ನು ಎಷ್ಟು ಸಲ ಪರೀಕ್ಷಿಸಿದರೂ ದೋಷ ಕಾಣದು. ಆದುದರಿಂದಲೇ "ಎಲ್ಲವೂ ಸರಿಯಿದೆಯಲ್ಲ" ಎಂದು ಬಡಗಿಗೆ ತೋರಿತು. ದಿನವೂ ಪಾತ್ರೆ ತೊಳೆಯುತ್ತಿದ್ದವರಿಗೆ ಮಾತ್ರ ನಿಜ ಗೊತ್ತಿತ್ತು. ನಮ್ಮ ಕುಟುಂಬಗಳ ದೋಷಗಳೂ ಹೀಗೆಯೇ ಅಲ್ಲವೇ? ಭಾನುವಾರದ ಬಲಿಪೂಜೆಗೆ ಶುಭ್ರ ಉಡುಪಿನಲ್ಲಿ ಬಂದು ನಿಂತ ಕುಟುಂಬದಲ್ಲಿ ಬಿರುಕು ಕಾಣುವುದಿಲ್ಲ. ಹಣದ ಅಡಚಣೆ, ರೋಗಿಯ ಆರೈಕೆ, ಮಕ್ಕಳ ಪರೀಕ್ಷೆ ಇವುಗಳ ಭಾರ ಬಿದ್ದಾಗ ಜಿನುಗು ಆರಂಭವಾಗುತ್ತದೆ. ಅದು ಮೊದಲು ಕಾಣುವುದು ಹೆಚ್ಚು ಕೆಲಸ ಹೊತ್ತವರಿಗೆ.

ನಾವು ಡಬ್ಬವನ್ನು ಬರಿದು ಮಾಡಿ, ಪಂಪನ್ನು ಕಳಚಿ, ಕಂಠದ ತಿರುಪು ಬಿಚ್ಚಿದೆವು. ರಬ್ಬರ್ ಬಳೆ ಗಟ್ಟಿಯಾಗಿ ಒಂದು ಕಡೆ ಚಪ್ಪಟೆಯಾಗಿತ್ತು. ಅದನ್ನು ಸ್ಕ್ರೂಡ್ರೈವರಿನಿಂದ ಕೀಳಹೊರಟ ನನ್ನನ್ನು ಅವರು ತಡೆದರು. ಬಳೆ ಕೂರುವ ಗಾಡಿಗೆ ಗೀರು ಬಿದ್ದರೆ ಹೊಸ ಬಳೆಯೂ ಸೋರುತ್ತದೆ ಎಂದು ಹೇಳಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲನೆ ಎಬ್ಬಿಸಿದರು. ಬುಡದ ಕವಾಟಕ್ಕೆ ಸುಣ್ಣದಂಶ ಕಟ್ಟಿತ್ತು. ವಿನೆಗರಿನಲ್ಲಿ ನೆನೆಸಿದಾಗ ಅದು ಕರಗಿತು. ಕೊಳವೆಯ ತುದಿ ಬಿರುಸಾಗಿದ್ದುದರಿಂದ ಎರಡು ಸೆಂಟಿಮೀಟರ್ ಕತ್ತರಿಸಿ ಹೊಸ ಪಟ್ಟಿ ಬಿಗಿದೆವು. ಹಳೆಯ ಬಳೆಯ ಒಳಸುತ್ತು ಮತ್ತು ದಪ್ಪವನ್ನು ಅಳೆದು ಅದೇ ಅಳತೆಯದನ್ನು ತಂದು, ಕುಡಿಯುವ ನೀರಿಗೆ ತಕ್ಕ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ ಕೂರಿಸಿದೆವು. ಬಳೆಯ ಬೆಲೆ ಒಂದು ಕಪ್ ಕಾಫಿಗಿಂತ ಕಡಿಮೆ. ಆ ಬೆಲೆಯನ್ನು ಕೊಟ್ಟು ಅಂಗಡಿಯಿಂದ ಹೊರಬರುವಾಗ ವೃದ್ಧರು ಬಹಳ ಹೊತ್ತು ಮಾತನಾಡಲಿಲ್ಲ.

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಎನ್ನುತ್ತದೆ ನಮ್ಮ ಗಾದೆ. ಗಾದೆಗೆ ಇಷ್ಟಕ್ಕೇ ತೃಪ್ತಿ. ಆದರೆ ಒಲೆ ಉರಿದದ್ದು ನಿಜವಾದರೆ, ಆ ಬೆಂಕಿಯನ್ನು ಏನು ಮಾಡಬೇಕು? ಇದಕ್ಕೆ ಪವಿತ್ರ ಬೈಬಲಿನಲ್ಲಿ, ನಾವು ಸಾಮಾನ್ಯವಾಗಿ ಓದದೆ ದಾಟಿಹೋಗುವ ಒಂದೆಡೆಯಲ್ಲಿ ಉತ್ತರವಿದೆ. ಸಂಖ್ಯಾಕಾಂಡದ 5ನೆಯ ಅಧ್ಯಾಯವು ಪರರಿಗೆ ನಷ್ಟಮಾಡಿದವನು ತಪ್ಪನ್ನು ಒಪ್ಪಿಕೊಂಡು, ಐದನೆಯ ಒಂದು ಪಾಲನ್ನು ಹೆಚ್ಚಾಗಿ ಸೇರಿಸಿ ಹಿಂದಿರುಗಿಸಬೇಕೆಂದು ವಿಧಿಸುತ್ತದೆ. ಬಳಿಕ ಒಂದು ಕಠಿಣ ಸಂದರ್ಭವನ್ನು ಎತ್ತಿಕೊಳ್ಳುತ್ತದೆ: ಅದನ್ನು ಪಡೆದುಕೊಳ್ಳಲು ಸಮೀಪಬಂಧುವೂ ಇಲ್ಲದಿದ್ದರೆ? ಆಗ ಸಾಲ ರದ್ದಾಗುವುದಿಲ್ಲ. ಅದು ದೇವರಿಗೆ ಸಲ್ಲತಕ್ಕದ್ದಾಗುತ್ತದೆ. ಎಷ್ಟು ಗಂಭೀರವಾದ, ಎಷ್ಟು ಕರುಣಾಮಯವಾದ ವಿಧಿ! ಗಂಭೀರ, ಏಕೆಂದರೆ ಸಾಲಗಾರ ಸಾವಿನ ಮರೆಯಲ್ಲಿ ತಪ್ಪಿಸಿಕೊಳ್ಳಲಾರ. ಕರುಣಾಮಯ, ಏಕೆಂದರೆ ಸಲ್ಲಿಸಬೇಕೆಂಬ ಮನಸ್ಸುಳ್ಳವನ ಮುಂದೆ ಬಾಗಿಲು ಮುಚ್ಚಿಹೋಗುವುದಿಲ್ಲ.

ಪಾಪನಿವೇದನೆಯ ಸಂಸ್ಕಾರದಲ್ಲಿ ಕ್ಷಮೆಯ ಜೊತೆಗೆ ಪ್ರಾಯಶ್ಚಿತ್ತವನ್ನು ವಿಧಿಸುವುದರ ಅರ್ಥವೂ ಇದಕ್ಕೆ ಹತ್ತಿರವಾದುದು. ಕ್ಷಮೆಯನ್ನು ನಾವು ಕೊಂಡುಕೊಳ್ಳಲಾರೆವು; ಅದು ಉಚಿತ ವರ. ಆದರೆ ಕ್ಷಮೆ ಹೊಂದಿದವನ ಕೈ ಸುಮ್ಮನಿರಲಾರದು. ಜಕ್ಕಾಯನಿಗೆ ಯೇಸುಸ್ವಾಮಿ ಶರತ್ತು ವಿಧಿಸಲಿಲ್ಲ. ಆದರೂ ವಂಚಿಸಿದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದು ಅವನು ತಾನಾಗಿ ಎದ್ದು ನಿಂತ.

ಇಲ್ಲಿ ನೀವು ಒಂದು ಆಕ್ಷೇಪ ಎತ್ತಬಹುದು. ಹಳೆಯ ಪಂಪಿನಂತಹ ಜಡವಸ್ತುವಿಗೆ ಇಷ್ಟೊಂದು ಮಹತ್ವವೇ? ಇದು ವಸ್ತುಮೋಹವಲ್ಲವೇ? ಕಾರುಗಳನ್ನು ಹೊಳಪಿಸುತ್ತಾ ನೆರೆಯವರನ್ನು ಮರೆಯುವವರು ಇದ್ದಾರೆ, ಆಕ್ಷೇಪ ನ್ಯಾಯವಾದುದೇ. ಆದರೆ 6ನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯ 31ನೆಯ ಅಧ್ಯಾಯದಲ್ಲಿ, ಮಠದ ಉಗ್ರಾಣಿಯು ಎಲ್ಲ ಪಾತ್ರೆ ಪರಿಕರಗಳನ್ನು ಬಲಿಪೀಠದ ಪವಿತ್ರ ಪಾತ್ರೆಗಳಂತೆಯೇ ಕಾಣಬೇಕೆಂದು ವಿಧಿಸಿದರು. ಸೌಟು ಪೂಜ್ಯವೆಂದು ಅವರು ಹೇಳಲಿಲ್ಲ. ಸೌಟನ್ನು ಹಿಡಿಯುವ ಸಹೋದರ ಪೂಜ್ಯ. ವಸ್ತುವಿನ ಬಗೆಗಿನ ಅಲಕ್ಷ್ಯದ ಫಲವನ್ನು ಉಣ್ಣುವುದು ವಸ್ತುವಲ್ಲ, ಅದನ್ನು ಬಳಸುವ ಮನುಷ್ಯ. ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಬಳಸಿ ಬಿಸಾಡುವ ಸಂಸ್ಕೃತಿಯನ್ನು ಖಂಡಿಸಿದಾಗಲೂ, ವಸ್ತುಗಳನ್ನು ಬಿಸಾಡುವ ಕೈ ಮನುಷ್ಯರನ್ನೂ ಬಿಸಾಡಲು ಕಲಿಯುತ್ತದೆ ಎಂಬ ಭೀತಿ ಅದರ ಹಿಂದಿತ್ತು.

ಹಾಗೆಂದು ಎಲ್ಲವನ್ನೂ ದುರಸ್ತಿ ಮಾಡಲೇಬೇಕೆಂದಿಲ್ಲ. ಅದೇ ವ್ಯಾನಿನಲ್ಲಿ ಒಲೆಯ ಅನಿಲದ ಕೊಳವೆ ಬಿರುಕುಬಿಟ್ಟಿದ್ದರೆ ಅದಕ್ಕೆ ಪಟ್ಟಿ ಸುತ್ತುವುದು ಮಿತವ್ಯಯವಲ್ಲ, ಅಪರಾಧ. ಅದನ್ನು ಕಿತ್ತೆಸೆದು ಹೊಸದನ್ನೇ ಹಾಕಬೇಕು. ಜೀವಕ್ಕೆ ಅಪಾಯವಿರುವಲ್ಲಿ ತಾಳ್ಮೆ ಸದ್ಗುಣವಲ್ಲ. ಈ ಮಾತನ್ನು ನಾನು ಒತ್ತಿ ಹೇಳಲು ಕಾರಣವಿದೆ. ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣುಮಗಳಿಗೆ "ಹೊಂದಿಕೊಂಡು ಹೋಗಮ್ಮ, ಸಂಸಾರ ಸರಿಹೋಗುತ್ತದೆ" ಎಂದು ಬುದ್ಧಿ ಹೇಳುವವರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಅದು ದುರಸ್ತಿಯ ಉಪದೇಶವಲ್ಲ. ಬಟ್ಟೆ ಹಾಸುತ್ತಲೇ ಇರು ಎಂಬ ಆಜ್ಞೆ. ಬಟ್ಟೆ ಹಾಸಿದವರ ತಾಳ್ಮೆಯನ್ನು ಕೊಂಡಾಡಿದಷ್ಟೂ ಹಲಗೆ ಕೊಳೆಯುತ್ತದೆ. ದುರಸ್ತಿಯ ಹೊಣೆ ಬಟ್ಟೆ ಹಾಸಿದವರದಲ್ಲ, ಕೇಳಿಯೂ ಕೇಳದಂತಿದ್ದವರದು.

ಈ ಸಂದರ್ಭದಲ್ಲಿ ನಮ್ಮ ಹಳ್ಳಿಗಳ ಕೊಳವೆಬಾವಿಯ ಕೈಪಂಪುಗಳು ನೆನಪಾಗುತ್ತವೆ. 1970ರ ದಶಕದಲ್ಲಿ ರೂಪುಗೊಂಡು ದೇಶದಾದ್ಯಂತ ಹರಡಿದ 'ಇಂಡಿಯಾ ಮಾರ್ಕ್ 2' ಪಂಪು ಗಟ್ಟಿಮುಟ್ಟಾದುದು. ಆದರೆ ಕೆಳಗಿನ ವಾಷರ್ ಸವೆದರೆ ಇಡೀ ಕೊಳವೆಯ ಸಾಲನ್ನೇ ಮೇಲೆತ್ತಬೇಕಿತ್ತು. ಅದಕ್ಕೆ ತಂಡ ಬೇಕು, ವಾಹನ ಬೇಕು. ಅವರು ಬರುವವರೆಗೆ ಹೆಂಗಸರು ದೂರದಿಂದ ಕೊಡ ಹೊರಬೇಕು. ಮುಂದೆ ಬಂದ 'ಮಾರ್ಕ್ 3'ರಲ್ಲಿ ಕೊಳವೆಯನ್ನು ಅಗಲಗೊಳಿಸಿ, ಕೊಂತವನ್ನು ಮಾತ್ರ ಮೇಲೆಳೆದು ವಾಷರ್ ಬದಲಿಸುವಂತೆ ಮಾಡಲಾಯಿತು. ಊರಿನವರೇ ಮಾಡಬಹುದಾದ ಕೆಲಸವದು. ವಾಷರ್ ಸವೆಯುವುದನ್ನು ಯಾವ ಜಾಣ್ಮೆಯೂ ನಿಲ್ಲಿಸಲಿಲ್ಲ. ಸವೆದಾಗ ಸುಲಭವಾಗಿ ಬಿಚ್ಚಬಹುದಾದಂತೆ ಮಾಡಿದ್ದೇ ಜಾಣ್ಮೆ. ಒಳ್ಳೆಯ ಕುಟುಂಬವೂ ಇಂತಹುದೇ ಎಂದು ನನಗನ್ನಿಸುತ್ತದೆ. ಎಂದೂ ಸೋರದ ಕುಟುಂಬವಿಲ್ಲ. "ಇಲ್ಲಿ ಸೋರುತ್ತಿದೆ" ಎಂದು ಭಯವಿಲ್ಲದೆ ಹೇಳಬಹುದಾದ, ಹೇಳಿದಾಗ ಯಾರಾದರೂ ಎದ್ದು ಬರುವ ಮನೆಯುಂಟು, ಅದೇ ಧನ್ಯ.

ದುರಸ್ತಿ ಮುಗಿದ ಸಂಜೆ ಕಪಾಟಿನಲ್ಲಿ ಒಂದು ಒಣ ಪತ್ರಿಕೆಯನ್ನು ಹಾಸಿ, ಹತ್ತಾರು ಬಾರಿ ಪಂಪು ಹೊಡೆದು, ಮರುದಿನ ಬೆಳಗಿನ ಪೂಜೆಯ ನಂತರ ತೆರೆದು ನೋಡಿದೆವು. ಕಾಸಿನಗಲದ ಒಂದು ಒದ್ದೆ ಕಲೆಯಿತ್ತು. ಕೊಳವೆಯ ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿದು, ಮತ್ತೊಮ್ಮೆ ಪತ್ರಿಕೆ ಹಾಸಿ ಪಂಪು ಹೊಡೆದೆವು. ಸಂಜೆಗೆ ಅದು ಒಣಗಿಯೇ ಇತ್ತು. ಕೊಳೆತ ಹಲಗೆಯನ್ನು ಅವರು ಕೊಯ್ದು ತೆಗೆದು ಹೊಸದನ್ನು ಕೂರಿಸಿದರು. ಅಷ್ಟು ವರ್ಷಗಳ ಒದ್ದೆ ಬಟ್ಟೆಯನ್ನು ಮಾತ್ರ ಯಾವ ಹಲಗೆಯಿಂದಲೂ ಹಿಂದಕ್ಕೆ ಪಡೆಯಲಾಗದು. ಅದನ್ನು ಅವರೂ ಬಲ್ಲರು, ನಾನೂ ಬಲ್ಲೆ. ವ್ಯಾನನ್ನು ಅವರು ಮಾರಲಿಲ್ಲ. ಮೊಮ್ಮಗಳಿಗೆ ಕೊಟ್ಟರು. ಕೊಡುವಾಗ ಪಂಪನ್ನು ಬಿಚ್ಚಿ ಜೋಡಿಸುವುದನ್ನು, ಚಳಿಗಾಲಕ್ಕೆ ಮುನ್ನ ಅದರ ನೀರನ್ನೆಲ್ಲ ಬಸಿಯುವುದನ್ನು ಕಲಿಸಿದರು. ಏಕೆಂದರೆ ಒಳಗುಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಪಂಪೇ ಸೀಳುತ್ತದೆ. ನಾನು ಊರಿಗೆ ಹೊರಡುವ ಮುನ್ನ ಹೆಂಡತಿಯ ಆತ್ಮಶಾಂತಿಗಾಗಿ ಒಂದು ಪೂಜೆಯನ್ನು ಕೇಳಿಕೊಂಡರು. ಯಾರಿಗಾಗಿ ಸರಿಪಡಿಸಲಿ ಎಂಬ ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ.

ಪ್ರಿಯ ಓದುಗರೇ, ತಡವಾದ ದುರಸ್ತಿಗೆ ಬೆಲೆಯುಂಟು. ಆದರೆ ಆ ಬೆಲೆಯನ್ನು ಕಣ್ಣೀರಿನಲ್ಲಿ ತೆರಬೇಕಾಗುತ್ತದೆ. ನಿಮ್ಮಲ್ಲಿ ಅನೇಕರಿಗೆ ಇನ್ನೂ ಅಗ್ಗದ ದರದಲ್ಲಿ ಅದು ದೊರೆಯುತ್ತಿದೆ. ಇಂದು ರಾತ್ರಿ ಊಟದ ನಂತರ ಸಿಂಕಿನ ಕೆಳಗಿನ ಬಾಗಿಲನ್ನು ತೆರೆದು ನೋಡಿರಿ. ಅಲ್ಲಿ ಬಟ್ಟೆಯಿದ್ದರೆ ಅದನ್ನು ಹಾಸಿದವರು ಯಾರೆಂದು ಕೇಳಿರಿ. ಅವರು ಹೇಳುವುದನ್ನು ನಿಲ್ಲಿಸಿ ಎಷ್ಟು ಕಾಲವಾಯಿತೆಂದೂ ಕೇಳಿರಿ.