ಒತ್ತೆಯಿಟ್ಟ ಮಕ್ಕಳು

ಊರಿಂದ ನೆಂಟರು ಬಂದರೆ ಚೆನ್ನೈನಲ್ಲಿ ಏನೇನು ತೋರಿಸಬೇಕು ಎನ್ನುವ ಪಟ್ಟಿ ನಮ್ಮಂಥವರ ಮನೆಯಲ್ಲಿ ಸದಾ ಸಿದ್ಧ. ಮರೀನಾ ಬೀಚು, ಕಪಾಲೀಶ್ವರ, ಟಿ. ನಗರದ ಸೀರೆ ಅಂಗಡಿ. ಪಾಂಡವಪುರದ ಕಡೆಯ ನನ್ನ ಚಿಕ್ಕಪ್ಪ ಮಾತ್ರ ಬಂದ ಮಾರನೆಯ ದಿನವೇ, "ಅವೆಲ್ಲ ಆಮೇಲೆ ನೋಡಣ, ಮೊದಲು ಆ ಇಂಗ್ಲಿಷರ ಕೋಟೆ ತೋರಿಸು ಮಗ" ಅಂದರು. ಶ್ರೀರಂಗಪಟ್ಟಣದ ಬಿದ್ದ ಗೋಡೆಗಳನ್ನು ನೋಡುತ್ತಾ ಬೆಳೆದವರು. ಅದನ್ನು ಕೆಡವಿದವರ ಕೋಟೆ ಹೇಗಿದೆ ಎಂದು ನೋಡುವ ಹಟ.

ಸೇಂಟ್ ಜಾರ್ಜ್ ಕೋಟೆ ನಮ್ಮ ಚಿತ್ರದುರ್ಗದಂತೆ ಬಂಡೆ ಹತ್ತಿ ನಿಂತದ್ದಲ್ಲ. 1640ರಿಂದ ಈಸ್ಟ್ ಇಂಡಿಯಾ ಕಂಪನಿ ಸಮುದ್ರದ ದಂಡೆಯ ಸಮತಟ್ಟು ನೆಲದಲ್ಲಿ ಕಟ್ಟುತ್ತಾ ಬಂದದ್ದು. ಪೊಲೀಸರ ತಪಾಸಣೆ ಮುಗಿಸಿ ಒಳಗೆ ಹೋದರೆ ಪೆರೇಡ್ ಮೈದಾನದ ಚೌಕ. ಸುತ್ತಮುತ್ತ ತಮಿಳುನಾಡಿನ ವಿಧಾನಸಭೆ, ಸಚಿವಾಲಯ, 1680ರ ಸೇಂಟ್ ಮೇರಿ ಚರ್ಚು, ಹಳೆಯ ಕಟ್ಟಡವೊಂದರಲ್ಲಿ 1948ರಿಂದ ಇರುವ ಮ್ಯೂಸಿಯಂ. ರಾಬರ್ಟ್ ಕ್ಲೈವ್ 1753ರಲ್ಲಿ ಮದುವೆಯಾದದ್ದು ಈ ಚರ್ಚಿನಲ್ಲೇ. ಇಂದು ಇದು ಫೈಲು ಹಿಡಿದು ಓಡಾಡುವವರ ಜಾಗ. ಸ್ವಾತಂತ್ರ್ಯ ದಿನದಂದು ಕೋಟೆಯ ಮೇಲೆ ಮುಖ್ಯಮಂತ್ರಿ ಬಾವುಟ ಹಾರಿಸುತ್ತಾರೆ. ಮುಖ್ಯಮಂತ್ರಿಗಳಿಗೆ ಆ ಹಕ್ಕು ಸಿಕ್ಕಿದ್ದು 1974ರಲ್ಲಿ, ಕರುಣಾನಿಧಿ ಕೇಳಿ ಪಡೆದದ್ದರಿಂದ.

"ಹೈದರ್ ಇಲ್ಲಿಗಂಟ ಬಂದಿದ್ದ ಅಲ್ವಾ?" ಅಂದರು ಚಿಕ್ಕಪ್ಪ. ಹೌದು, 1769ರಲ್ಲಿ ಅವನ ಕುದುರೆಪಡೆ ಮದ್ರಾಸಿನ ಹೊರವಲಯಕ್ಕೆ ಬಂದು ನಿಂತಾಗ ಕಂಪನಿಯವರು ಬೆದರಿ ಒಪ್ಪಂದಕ್ಕೆ ಬಂದರು. ಹೇಳುತ್ತಾ ನನ್ನ ದನಿ ತುಸು ಏರಿತು. ಚಿಕ್ಕಪ್ಪ ಮೀಸೆಯ ಮೇಲೆ ಕೈಯಾಡಿಸಿಕೊಂಡರು. ಎರಡೂವರೆ ಶತಮಾನದ ಹಿಂದೆ ಯಾರೋ ಏರಿದ ಕುದುರೆಯ ಮೇಲೆ ನಾವಿಬ್ಬರೂ ಪುಕ್ಕಟೆ ಸವಾರಿ ಮಾಡಿದ್ದೆವು.

ಮ್ಯೂಸಿಯಮ್ಮಿನೊಳಗೆ ಆ ಕುದುರೆ ಎಡವಿತು. ಅಲ್ಲಿ ಲಾರ್ಡ್ ಕಾರ್ನ್‌ವಾಲಿಸನ ದೊಡ್ಡ ಅಮೃತಶಿಲೆಯ ಪ್ರತಿಮೆ ಇದೆ. ಥಾಮಸ್ ಬ್ಯಾಂಕ್ಸ್ ಎಂಬ ಶಿಲ್ಪಿ ಕೆತ್ತಿದ್ದು. ಮೊದಲು ಹೊರಗಿನ ಚೌಕದಲ್ಲೇ ಇತ್ತು, ಆಮೇಲೆ ಊರೆಲ್ಲ ಸುತ್ತಿ ಇಲ್ಲಿಗೆ ಬಂತು. ಅದರ ಪೀಠದ ಮೇಲೆ ಒಂದು ಉಬ್ಬುಚಿತ್ರವಿದೆ. ಟಿಪ್ಪುವಿನ ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸನಿಗೆ ಒಪ್ಪಿಸುತ್ತಿರುವ ದೃಶ್ಯ.

1792ರ ಯುದ್ಧದಲ್ಲಿ ಸೋತ ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಕೊಡಬೇಕಾಯಿತು. ಅಷ್ಟು ಹಣ ಒಮ್ಮೆಗೇ ಎಲ್ಲಿ ಬರಬೇಕು? ಕಂತು ತೀರುವವರೆಗೆ ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಇಬ್ಬರೂ ಒತ್ತೆ. ಒಬ್ಬನಿಗೆ ಸುಮಾರು ಹತ್ತು ವರ್ಷ, ಇನ್ನೊಬ್ಬನಿಗೆ ಎಂಟು. ಕಾರ್ನ್‌ವಾಲಿಸ್ ಅವರನ್ನು ಅಕ್ಕರೆಯಿಂದಲೇ ಬರಮಾಡಿಕೊಂಡು ಇಬ್ಬರಿಗೂ ಬಂಗಾರದ ಗಡಿಯಾರ ಕೊಟ್ಟನಂತೆ. ಮಕ್ಕಳು ಮದ್ರಾಸಿಗೆ ಬಂದರು, 1794ರಲ್ಲಿ ತಂದೆಯ ಬಳಿ ಹಿಂತಿರುಗಿದರು.

ಚಿಕ್ಕಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಒಡವೆ ಗಿರವಿ ಇಡೋದು ಗೊತ್ತು. ಮಕ್ಕಳನ್ನ ಇಟ್ಕೊಂಡು, ಅದನ್ನ ಕಲ್ಲಲ್ಲಿ ಬೇರೆ ಕೆತ್ತಿಸ್ಕೊಂಡವ್ರಲ್ಲ ಮಗ!"

ನನಗೆ ನೆನಪಾದದ್ದು ಬೇರೆ. 2016ರ ಸೆಪ್ಟೆಂಬರ್. ಕಾವೇರಿ ಗಲಾಟೆ. ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳಿಗೆ ಬೆಂಕಿ, ಚೆನ್ನೈನಲ್ಲಿ ಕನ್ನಡಿಗರ ಹೋಟೆಲೊಂದರ ಮೇಲೆ ದಾಳಿ. ಆಗ ನನ್ನ ಮಗಳಿಗೆ ಎಂಟು ವರ್ಷ. "ಎರಡು ದಿನ ಬಸ್ಸಿನಲ್ಲಿ ಕನ್ನಡ ಮಾತಾಡಬೇಡ ಪುಟ್ಟಿ" ಅಂದೆ. "ನಾನೇನು ಮಾಡಿದ್ನಪ್ಪಾ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ನಮಗೆ ಯಾರೂ ಏನೂ ಮಾಡಲಿಲ್ಲ ಅನ್ನುವುದೂ ನಿಜ. ಎದುರು ಮನೆಯ ತಮಿಳು ಮಾಮಿ ತಾವೇ ಅವಳನ್ನು ಶಾಲೆಯಿಂದ ಕರೆತಂದರು. ಆದರೂ ಯಾವುದೋ ಅಣೆಕಟ್ಟಿನ ಲೆಕ್ಕಕ್ಕೆ ನನ್ನ ಮಗಳು ಒತ್ತೆ ಬಿದ್ದಿದ್ದಾಳೆ ಎಂಬ ಭಯ ಆ ಎರಡು ದಿನ ನಿದ್ದೆ ಕೊಡಲಿಲ್ಲ.

ಇದನ್ನು ಚಿಕ್ಕಪ್ಪನಿಗೆ ಹೇಳಿದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಚರ್ಚಿನ ಮುಂದಿನ ನೆರಳಲ್ಲಿ ಕೂತು ಮೆಲ್ಲಗೆ ಹೇಳಿದರು: "ತೊಂಬತ್ತೊಂದರಲ್ಲಿ ನಮ್ಮ ಕಬ್ಬಿನ ಗದ್ದೆಗೆ ಬರ್ತಿದ್ದ ತಮಿಳರ ಮನೆಯೋರು ರಾತ್ರೋರಾತ್ರಿ ಗಂಟುಮೂಟೆ ಕಟ್ಕೊಂಡು ಹೋದ್ರು. ನಾನು ಹೊಡೀಲಿಲ್ಲ. ಹೋಗಬೇಡಿ ಅನ್ನಲೂ ಇಲ್ಲ. ಜಗಲಿ ಮೇಲೆ ನಿಂತು ನೋಡ್ತಿದ್ದೆ. ಅವರಲ್ಲೂ ಒಂದು ಸಣ್ಣ ಕೂಸಿತ್ತು."

ಹಾಗಾದರೆ ಲೆಕ್ಕ ಯಾರದು? 1769ರ ಹೆಮ್ಮೆ ನಮ್ಮದು ಎನ್ನುವವರು, 1991 ನಮ್ಮದಲ್ಲ ಎನ್ನಲಾದೀತೇ? ಟಿಪ್ಪುವಿನ ಮಕ್ಕಳಿಗಾಗಿ ಮರುಗುವಾಗ, ಟಿಪ್ಪು ಕೊಡಗಿನಿಂದ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದವರಲ್ಲೂ ಮಕ್ಕಳಿದ್ದರು ಎಂಬುದನ್ನು ಮರೆಯಬಹುದೇ? ಲಾಭದಲ್ಲಿ ಪಾಲು ಬೇಕು, ಸಾಲ ಮಾತ್ರ ಬೇಡ ಅನ್ನುವುದು ನ್ಯಾಯದ ಮಾತಲ್ಲ. ಇಷ್ಟನ್ನು ಒಪ್ಪಿಕೊಂಡರೆ, ಬಸ್ಸಿನಲ್ಲಿ ನನ್ನ ಮಗಳನ್ನು ತಡೆದು ಲೆಕ್ಕ ಕೇಳುವವನದೂ ಸರಿ ಎಂದಾಗುತ್ತದೆಯಲ್ಲ ಎಂದು ಎದೆ ಝಲ್ಲೆಂದಿತು.

ಹಾಗಾಗುವುದಿಲ್ಲ ಅನ್ನುವುದು ಚಿಕ್ಕಪ್ಪನ ಮುಖ ನೋಡುತ್ತಾ ನನಗೆ ಹೊಳೆದದ್ದು. ಅವರಿಂದ ಆ ಲೆಕ್ಕವನ್ನು ಯಾರೂ ಕೇಳಿರಲಿಲ್ಲ. ಅವರಾಗಿಯೇ ತೆಗೆದು ಮುಂದಿಟ್ಟರು. ನಮ್ಮವರು ಮಾಡಿದ್ದರ ಹೊಣೆಯನ್ನು ನಾನಾಗಿ ಹೊರಬಹುದು, ಹೊರಬೇಕು ಕೂಡ. ಆದರೆ ಅದನ್ನು ಇನ್ನೊಬ್ಬರಿಂದ, ಅದರಲ್ಲೂ ಕೈಗೆ ಸಿಕ್ಕ ಬಡಪಾಯಿಯಿಂದ ವಸೂಲಿ ಮಾಡುವ ಹಕ್ಕು ಯಾರಿಗೂ ಇಲ್ಲ. ಹೊತ್ತುಕೊಂಡರೆ ಅದು ಹೊಣೆ, ಕಿತ್ತುಕೊಂಡರೆ ಅದು ಒತ್ತೆ. ಬಂಗಾರದ ಗಡಿಯಾರ ಕೊಟ್ಟರೂ ಒತ್ತೆ ಒತ್ತೆಯೇ.

ಪರಸ್ಥಳದಲ್ಲಿ ಬಾಳುವವರಿಗೆ ಇದು ಬೇಗ ತಿಳಿಯುತ್ತದೆ, ಅಷ್ಟೆ. ಊರಲ್ಲಿರುವ ನಿಮ್ಮ ಪಕ್ಕದ ಬೀದಿಯಲ್ಲೂ ಹೀಗೆ ಬಾಳುತ್ತಿರುವವರು ಇದ್ದೇ ಇರುತ್ತಾರೆ.

ಸಂಜೆ ಮನೆಗೆ ಬಂದಾಗ ಎದುರು ಮನೆಯ ಮಾಮಿ ಬಾಗಿಲಲ್ಲಿದ್ದರು. ಚಿಕ್ಕಪ್ಪನಿಗೆ ತಮಿಳು ಬಾರದು. ಊರಿಂದ ತಂದಿದ್ದ ಬೆಲ್ಲದಲ್ಲಿ ಎರಡು ಅಚ್ಚು ತೆಗೆದು ಅವರ ಕೈಗಿಟ್ಟು, "ನಮ್ಮ ಹುಡುಗೀನ ಕರ್ಕಂಡ್ ಬಂದಿದ್ರಂತೆ" ಅಂದರು. ಮಾಮಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಕಾಫಿಗೆ ಒಳಗೆ ಕರೆದರು.