ಗುಡ್ಡದ ಮೇಲೆ ಕೂತವನ ಕೆಲಸ

ಮಲೆನಾಡಿನಲ್ಲಿ ವಾಕಿಟಾಕಿ ಹಿಡಿದು ಓಡಾಡಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತೆ. ಬಯಲುಸೀಮೆಯಲ್ಲಿ ಐದಾರು ಕಿಲೋಮೀಟರ್ ದೂರದ ಗೆಳೆಯನ ಜೊತೆ ಆರಾಮಾಗಿ ಹರಟುವ ಅದೇ ಸೆಟ್ಟು, ಇಲ್ಲಿ ಒಂದು ಗುಡ್ಡದ ಆಚೆ ಇಳಿದ ತಕ್ಷಣ ಮೂಕಾಗಿಬಿಡುತ್ತೆ. ಮನುಷ್ಯ ಇರೋದು ಒಂದೂವರೆ ಕಿಲೋಮೀಟರ್ ದೂರದಲ್ಲಿ. ಜೋರಾಗಿ ಕೂಗಿದರೆ ಕೂಗೇ ಕೇಳಿಸೀತೇನೋ, ರೇಡಿಯೋ ಮಾತ್ರ ಕೇಳಿಸಲ್ಲ.

ಕಾರಣ ಸರಳ. ನಾವು ಹ್ಯಾಮ್‌ಗಳು ಕೈಯಲ್ಲಿ ಹಿಡಿಯುವ ಸೆಟ್ಟು ಸಾಮಾನ್ಯವಾಗಿ 144ರಿಂದ 146 ಮೆಗಾಹರ್ಟ್ಜ್ ನಡುವೆ ಕೆಲಸ ಮಾಡುತ್ತೆ. ಈ ಅಲೆಗಳು ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ ನೇರ ಹೋಗುವಂಥವು. ನಡುವೆ ಮಣ್ಣು, ಬಂಡೆ ಬಂದರೆ ಮುಗಿಯಿತು. ಆಳೆತ್ತರದಲ್ಲಿ ಹಿಡಿದ ಸೆಟ್ಟಿಗೆ ಸಪಾಟು ನೆಲದಲ್ಲಿ ಸುಮಾರು 5 ಕಿ.ಮೀ. ದೂರಕ್ಕೇ ದಿಗಂತ ಬರುತ್ತೆ. ಅದೇ ಸೆಟ್ಟನ್ನು ಸುತ್ತಲಿನ ನೆಲಕ್ಕಿಂತ 400 ಮೀಟರ್ ಎತ್ತರದ ಗುಡ್ಡದ ನೆತ್ತಿಗೆ ಒಯ್ದರೆ ದಿಗಂತ 80 ಕಿ.ಮೀ. ಆಚೆ ಹೋಗುತ್ತೆ. ಹೊಸಬರು ಮೊದಲು ಕೇಳೋದು "ಇನ್ನೂ ಪವರ್ ಇರೋ ಸೆಟ್ ತಗೊಳ್ಳಲಾ ಸಾರ್?" ಅಂತ. 5 ವಾಟ್ ಇದ್ದದ್ದನ್ನು 10 ಮಾಡಿದರೆ ಬ್ಯಾಟರಿ ಬೇಗ ಖಾಲಿಯಾಗುತ್ತೆ, ಕೇಳುವವನ ಕಿವಿಗೆ ವ್ಯತ್ಯಾಸ ಅಷ್ಟಕ್ಕಷ್ಟೆ. ಅದೇ ದುಡ್ಡಲ್ಲಿ ಆ ಮೋಟು ರಬ್ಬರ್ ಆಂಟೆನಾ ಬಿಚ್ಚಿ, ಸುಮಾರು 50 ಸೆಂಟಿಮೀಟರ್‌ನ ಉದ್ದ ಕಡ್ಡಿ ಹಾಕಿ ನೋಡಿ. ಇಲ್ಲವೇ ತಂತಿಯ ಆಂಟೆನಾವನ್ನು ಹಗ್ಗ ಕಟ್ಟಿ ಮರಕ್ಕೆ ಏರಿಸಿ. ಅದೂ ಸಾಲದಿದ್ದರೆ ಇರೋದು ಒಂದೇ ದಾರಿ. ಎರಡೂ ಕಡೆ ಕಾಣುವ ಜಾಗದಲ್ಲಿ ನಡುವೆ ಯಾರಾದರೂ ಕೂತು, ಇತ್ತಲಿಂದ ಕೇಳಿದ್ದನ್ನು ಅತ್ತ ಹೇಳಬೇಕು.

ಈ ಕೆಲಸ ಮಾಡುವ ಯಂತ್ರಕ್ಕೆ ರಿಪೀಟರ್ ಅಂತಾರೆ. ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು, ಅದೇ ಗಳಿಗೆಯಲ್ಲಿ 600 ಕಿಲೋಹರ್ಟ್ಜ್ ಆಚೆ ಇನ್ನೊಂದರಲ್ಲಿ ಹೇಳಿಬಿಡುತ್ತೆ. ಅದನ್ನು ಸ್ಥಾಪಿಸಲು ಅನುಮತಿ, ಸೋಲಾರ್, ಬ್ಯಾಟರಿ, ಸಿಡಿಲಿನಿಂದ ರಕ್ಷಣೆ ಎಲ್ಲಾ ಬೇಕು. ಅದು ಇಲ್ಲದ ಕಡೆ ಒಬ್ಬ ಮನುಷ್ಯನನ್ನೇ ಗುಡ್ಡ ಹತ್ತಿಸುತ್ತೇವೆ.

ಕೆಲವು ವರ್ಷಗಳ ಹಿಂದೆ, ಆಗಸ್ಟ್ ತಿಂಗಳ ಒಂದು ದಿನ, ಹಾಗೆ ಹತ್ತಿದವನು ನಾನು.

ಚಾರ್ಮಾಡಿ ಘಾಟಿಗೆ ಹತ್ತಿರದ ಒಂದು ಊರು. ಮರೆವಿನ ಕಾಯಿಲೆಯಿದ್ದ ಹಿರಿಯರೊಬ್ಬರು ಬೆಳಗಿನ ಜಾವ ಮನೆಯಿಂದ ಎದ್ದುಹೋಗಿದ್ದರು. ಮೊಬೈಲ್ ಸಿಗ್ನಲ್ ಇಲ್ಲದ ಕಾಡು. ಊರಿನವರು ಎರಡು ಗುಂಪಾಗಿ ಹುಡುಕಲು ಹೊರಟಾಗ ನಾವು ನಾಲ್ಕು ಜನ ಹ್ಯಾಮ್‌ಗಳು ಸೆಟ್ಟು ಹಿಡಿದು ಜೊತೆಯಾದೆವು. ಒಬ್ಬರು ಮನೆಯ ಅಂಗಳದಲ್ಲಿ ಬೇಸ್. ಒಬ್ಬರು ಗುಡ್ಡದ ಪಶ್ಚಿಮಕ್ಕೆ, ಹಳ್ಳದ ಕಡೆ ಹೊರಟ ಗುಂಪಿನಲ್ಲಿ. ಇನ್ನೊಬ್ಬರು ಪೂರ್ವದ ಎಸ್ಟೇಟಿನ ಕಡೆ. ನಾನು ನೆತ್ತಿಯ ಮೇಲೆ, ಪ್ಲಾಸ್ಟಿಕ್ ಹೊದ್ದು, ಜಿಗಣೆ ಕೀಳುತ್ತಾ.

ಹನ್ನೆರಡು ಗಂಟೆ ಹೊತ್ತಿಗೆ ಹಳ್ಳದಿಂದ ದನಿ ಬಂತು. "ಹಳ್ಳದ ದಂಡೇಲಿ ಒಂದು ಚಪ್ಪಲಿ ಸಿಕ್ಕಿದೆ. ಎಡಗಾಲಿಂದು, ನೀಲಿ ಪಟ್ಟಿ. ನೀರು ತುಂಬಾ ಜೋರಿದೆ. ಮನೆಯವರನ್ನ ಕೇಳಿ. ಓವರ್."

ಬೇಸಿನ ಸೆಟ್ಟು ಅಂಗಳದ ಕಟ್ಟೆ ಮೇಲೆ, ಸ್ಪೀಕರ್ ಜೋರಾಗಿಟ್ಟುಕೊಂಡು ಇದೆ ಅಂತ ನನಗೆ ಗೊತ್ತಿತ್ತು. ಪಕ್ಕದಲ್ಲೇ ಆ ಹಿರಿಯರ ಹೆಂಡತಿ ಗೋಡೆಗೆ ಒರಗಿ ಕೂತಿದ್ದನ್ನು ಬೆಳಿಗ್ಗೆ ನೋಡಿದ್ದೆ. ಹಳ್ಳ, ಒಂಟಿ ಚಪ್ಪಲಿ, ಜೋರು ನೀರು... ಈ ಮೂರನ್ನು ಆ ಅಮ್ಮನ ಕಿವಿಗೆ ಹಾಕೋದು ಹೇಗೆ? ನಾನು ಬೇಸಿಗೆ ಹೇಳಿದ್ದಿಷ್ಟು: "ಪಶ್ಚಿಮದ ಗುಂಪಿಗೆ ಏನೋ ಗುರುತು ಸಿಕ್ಕಿದೆಯಂತೆ. ನೋಡ್ತಾ ಇದ್ದಾರೆ. ಓವರ್."

ಒಳ್ಳೇ ಕೆಲಸ ಮಾಡಿದೆ ಅಂತಲೇ ಅಂದುಕೊಂಡೆ.

ಗುರುತು ಸಿಕ್ಕಿದೆ ಅಂದ ಮೇಲೆ ಏನಾಗುತ್ತೆ? ಬೇಸಿನವರು ಪೂರ್ವದ ಗುಂಪನ್ನೂ ಹಳ್ಳದ ಕಡೆಗೇ ಕಳಿಸಲು ಹೇಳಿದರು. ಆ ಮಾತನ್ನು ದಾಟಿಸಿದವನೂ ನಾನೇ. ಎಸ್ಟೇಟಿನ ಹಳೇ ಲೈನ್‌ಮನೆಗಳ ಹತ್ತಿರಕ್ಕೆ ಹೋಗಿದ್ದವರು ತಿರುಗಿ ಕೆಳಗಿಳಿದರು. ಎರಡು ಗಂಟೆ ಎಲ್ಲರೂ ಹಳ್ಳದುದ್ದಕ್ಕೂ ನೀರು ಬಗ್ಗಿ ನೋಡಿದರು. ಕೊನೆಗೆ ಹಿರಿಯರು ಸಿಕ್ಕಿದ್ದು ಮೂರೂವರೆಗೆ, ಪಾಳುಬಿದ್ದ ಲೈನ್‌ಮನೆಯೊಂದರ ಮೂಲೆಯಲ್ಲಿ, ನೆನೆದು ನಡುಗುತ್ತಾ. ಚಪ್ಪಲಿ ಯಾರದೋ. ನೆರೆಯಲ್ಲಿ ಎಲ್ಲಿಂದಲೋ ತೇಲಿಬಂದದ್ದು.

ಸಂಜೆ ಅವರ ಮಗ ಕಾಫಿ ಲೋಟ ನನ್ನ ಕೈಗೆ ಕೊಡುತ್ತಾ ಹೇಳಿದ, "ಅಪ್ಪಯ್ಯನ ಚಪ್ಪಲಿ ಜಗಲಿ ಹತ್ರಾನೇ ಇತ್ತು ಅಣ್ಣಾ. ಬರಿಗಾಲಲ್ಲೇ ಹೋಗಿದ್ದು ಅವ್ರು. ನಮ್ಮನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಹಿರಿಯರು ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು, ಆದರೆ ಮೊದಲಿನ ಹಾಗೆ ಓಡಾಡಲಿಲ್ಲ. ಆ ಮೂರು ಗಂಟೆಯಿಂದಲೇ ಹಾಗಾಯಿತು ಅಂತ ಯಾವ ಡಾಕ್ಟರೂ ಹೇಳಿಲ್ಲ. ಅದರಿಂದಲ್ಲ ಅಂತಲೂ ಯಾರೂ ಹೇಳಿಲ್ಲ.

ಅಂದಿನಿಂದ ನನ್ನನ್ನು ಕಾಡುವ ಪ್ರಶ್ನೆ ಇದು. ನಡುವೆ ನಿಂತವನಿಗೆ ಮಾತನ್ನು ತಿದ್ದುವ ಹಕ್ಕು ಇದೆಯಾ? ಸುಳ್ಳಂತೂ ನಾನು ಹೇಳಲಿಲ್ಲ. ಬರೀ ಕರುಣೆಯಿಂದ ಸ್ವಲ್ಪ ಕಡಿಮೆ ಹೇಳಿದೆ. ಕರುಣೆ ತಪ್ಪಾ?

ಯೋಚಿಸಿದಷ್ಟೂ ಅನ್ನಿಸೋದು ಏನಂದ್ರೆ, ನಾನು ಬರೀ ಮಾತು ಕಡಿಮೆ ಮಾಡಿರಲಿಲ್ಲ. ಆ ಮನೆಯವರು ಏನನ್ನು ತಡೆದುಕೊಳ್ಳಬಲ್ಲರು ಅನ್ನೋದನ್ನು ಅವರ ಪರವಾಗಿ ನಾನೇ ತೀರ್ಮಾನಿಸಿದ್ದೆ. ಆ ಚಪ್ಪಲಿಯ ಬಗ್ಗೆ ಉತ್ತರ ಇದ್ದದ್ದು ಇಡೀ ಗುಡ್ಡದಲ್ಲಿ ಅವರೊಬ್ಬರ ಹತ್ತಿರ ಮಾತ್ರ. "ಮನೆಯವರನ್ನ ಕೇಳಿ" ಅಂತ ಹಳ್ಳದವರು ಬಾಯಿಬಿಟ್ಟು ಹೇಳಿದ್ದರು. ಆ ಪ್ರಶ್ನೆಯನ್ನೇ ನುಂಗಿಬಿಟ್ಟೆ. ಎತ್ತರದಲ್ಲಿ ಕೂತವನಿಗೆ ಎರಡೂ ಕಡೆಯ ದನಿ ಕೇಳುತ್ತೆ, ಕೆಳಗಿನವರಿಗೆ ಒಬ್ಬರದೊಬ್ಬರಿಗೆ ಕೇಳಲ್ಲ. ನಾನು ಬಿಟ್ಟದ್ದು ಏನು ಅಂತ ಯಾರಿಗೂ ಗೊತ್ತಾಗುವ ಹಾಗೇ ಇರಲಿಲ್ಲ. ಎಲ್ಲಾ ಗೊತ್ತಿರುವವನು ಅಂತ ನನಗೇ ಅನ್ನಿಸಿಬಿಟ್ಟಿತ್ತು. ಆದರೆ ಅಲ್ಲಿಂದ ಒಂದು ಮುಖವೂ ಕಾಣುತ್ತಿರಲಿಲ್ಲ.

ರಿಪೀಟರ್ ಆಗಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಅದಕ್ಕೆ ಕರುಣೆ ಇಲ್ಲ, ಬಂದದ್ದನ್ನು ಬಂದ ಹಾಗೆ ಕೊಡುತ್ತೆ. ಹಾಗಂತ ಮನುಷ್ಯ ಯಂತ್ರದ ಹಾಗಿರಬೇಕು ಅಂತ ನಾನು ಒಪ್ಪಲ್ಲ. ಅರ್ಧಂಬರ್ಧ ಕೇಳಿಸಿದಾಗ "ಇನ್ನೊಮ್ಮೆ ಹೇಳಿ" ಅಂತ ಕೇಳುವ ವಿವೇಕ ಯಂತ್ರಕ್ಕಿಲ್ಲ. ಗೊರಗೊರ ಸದ್ದನ್ನೂ ಅಷ್ಟೇ ನಿಷ್ಠೆಯಿಂದ ಕಳಿಸುತ್ತೆ. ಅವತ್ತು ನನ್ನ ಕರುಣೆಗೂ ಜಾಗವಿತ್ತು. "ಬೇಸ್, ಇಯರ್‌ಫೋನ್ ಹಾಕ್ಕೊಳ್ಳಿ, ಸ್ವಲ್ಪ ಆ ಕಡೆ ಹೋಗಿ, ಬರ್ಕೊಳ್ಳಿ" ಅಂದು, ಆಮೇಲೆ ಒಂದಕ್ಷರ ಬಿಡದೆ ಹೇಳಬಹುದಿತ್ತು. ಮಗನನ್ನು ಪಕ್ಕಕ್ಕೆ ಕರೆದು ಕೇಳುವುದು ಹೇಗೆ, ಅಮ್ಮನಿಗೆ ಎಷ್ಟು ಹೇಳುವುದು ಅನ್ನೋದನ್ನು ಅವರ ಮುಖ ನೋಡಬಲ್ಲವರು ನೋಡಿಕೊಳ್ಳುತ್ತಿದ್ದರು. ಹೇಗೆ ತಲುಪಿಸಬೇಕು ಅನ್ನೋದರಲ್ಲಿ ಎಷ್ಟು ಬೇಕಾದರೂ ಮೃದುವಾಗಿರಬಹುದು. ಏನನ್ನು ತಲುಪಿಸಬೇಕು ಅನ್ನೋದು ನನ್ನದಲ್ಲ.

ಇದು ರೇಡಿಯೋದವರ ಕಷ್ಟ ಮಾತ್ರ ಅಲ್ಲ ಅಂತ ನಿಮಗೆ ಆಗಲೇ ಅನ್ನಿಸಿರಬಹುದು. ನಮ್ಮ ಮನೆಗಳಲ್ಲಿ ಡಾಕ್ಟರು ಹೇಳಿದ ಕಾಯಿಲೆಯ ಹೆಸರನ್ನು ರೋಗಿಗೆ ತಲುಪದ ಹಾಗೆ ತಡೆಯೋದು ಪ್ರೀತಿಯಿಂದಲೇ. ಜಗಳವಾಡಿದ ಅಣ್ಣತಮ್ಮಂದಿರ ನಡುವೆ ಓಡಾಡುವ ಭಾವ ಎರಡೂ ಕಡೆ ಎರಡೆರಡು ಮಾತು ನುಂಗುವುದೂ ಒಳ್ಳೆಯದಾಗಲಿ ಅಂತಲೇ. ಎಷ್ಟೋ ಸಲ ಒಳ್ಳೆಯದೂ ಆಗುತ್ತೆ, ಇಲ್ಲ ಅನ್ನಲ್ಲ. ಆದರೆ ನುಂಗಿದ ಆ ಮಾತಿನಲ್ಲೇ ಒಂದು ಪ್ರಶ್ನೆ ಇತ್ತಾ, ಅದಕ್ಕೆ ಉತ್ತರ ಆ ಕಡೆಯವರ ಹತ್ತಿರ ಮಾತ್ರ ಇತ್ತಾ ಅಂತ ಯಾರು ನೋಡುತ್ತಾರೆ?

ಈಗಲೂ ಗುಡ್ಡ ಹತ್ತುತ್ತೇನೆ. ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ಕು, ಮಳೆಗೆ ಅಳಿಸದ ಪೆನ್ಸಿಲ್ಲು. ಕೇಳಿದ್ದನ್ನು ಬರೆದುಕೊಂಡು, ಹೇಳಿದವರಿಗೇ ಓದಿ ತೋರಿಸಿ, ಅವರು ಸರಿ ಅಂದ ಮೇಲೆ ಆ ಕಡೆಗೆ ಹೇಳುತ್ತೇನೆ. ಹೊಸ ಹುಡುಗರು "ಇಷ್ಟೊಂದು ಯಾಕೆ ಸಾರ್, ಟೈಮ್ ವೇಸ್ಟು" ಅಂತಾರೆ. ಅವರಿಗೆ ಆ ಚಪ್ಪಲಿಯ ಕಥೆ ಹೇಳುತ್ತೇನೆ, ನನ್ನ ತಪ್ಪನ್ನೂ ಸೇರಿಸಿ. ಅದರಲ್ಲಿ ಏನನ್ನೂ ಬಿಡುವ ಹಾಗಿಲ್ಲವಲ್ಲ.