ಬಾರದವನ ಮಾತು

ಕೋರ್ಟಿನಲ್ಲಿ ಹೆಸರನ್ನು ಮೂರು ಸಲ ಕೂಗುತ್ತಾರೆ. ಮೂರನೆಯ ಕೂಗಿಗೂ ಉತ್ತರ ಬಾರದಿದ್ದರೆ ಗೈರುಹಾಜರು ಎಂದು ಬರೆದುಕೊಳ್ಳುತ್ತಾರೆ. ಅವನು ಬರಲಿಲ್ಲ ಎಂಬುದು ನಿಜ. ಆದರೆ ಬಾರದವನಿಗೆ ಹೇಳುವುದೇನೂ ಇರಲಿಲ್ಲ ಎಂದು ತೀರ್ಮಾನಿಸುವುದು ಬೇರೆಯೇ ಮಾತು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆ ಕೆಲಸದಿಂದ ತೆಗೆಯಲ್ಪಟ್ಟ ಕಾರ್ಮಿಕನಿಗೆ ಕಾರ್ಮಿಕ ನ್ಯಾಯಾಲಯವೆಂದರೆ ಮೈಸೂರು. ಈ ನಾಲ್ಕು ಊರುಗಳಲ್ಲಿ ರೈಲು ಇರುವುದು ಕೆ.ಆರ್. ನಗರಕ್ಕೆ ಮಾತ್ರ. ಉಳಿದವರು ಬಸ್ಸನ್ನೇ ನಂಬಬೇಕು. ಕೋಟೆಯ ಕಾಡಂಚಿನವನು ಕೋಟೆಗೆ ಬರುವುದೇ ಒಂದು ಪ್ರಯಾಣ. ವಾಯಿದೆಗೆ ಹೋದ ದಿನ ಕೂಲಿ ಇಲ್ಲ, ಹೋದರೂ ಸಿಗುವುದು ಇನ್ನೊಂದು ವಾಯಿದೆ ಇರಬಹುದು. ಅಷ್ಟರಲ್ಲಿ ಹೊಟ್ಟೆಪಾಡಿಗೆ ಅವನು ಕೊಡಗಿನ ಕಾಫಿ ತೋಟಕ್ಕೋ ಹುಣಸೂರಿನ ತಂಬಾಕು ಬ್ಯಾರನ್ನಿಗೋ ಸೇರಿರುತ್ತಾನೆ. ಬ್ಯಾರನ್ನಿಗೆ ಬೆಂಕಿ ಹಾಕಿದ ಮೇಲೆ ಸೊಪ್ಪು ಹದಕ್ಕೆ ಬರುವವರೆಗೆ ಹಗಲೂ ರಾತ್ರಿ ಕಾಯಬೇಕು. ನೋಟೀಸು ಮಾತ್ರ ಹಳೆಯ ವಿಳಾಸಕ್ಕೇ ಹೋಗುತ್ತದೆ.

ಇಂಥವನು ತಡವಾಗಿ ಬಂದು, ‘ನನ್ನ ಮಾತೂ ಕೇಳಿ’ ಎನ್ನಬಹುದೇ?

1976ರ ಡಿಸೆಂಬರಿನಲ್ಲಿ ಕಲ್ಕತ್ತೆಯ ಕೈಗಾರಿಕಾ ನ್ಯಾಯಮಂಡಳಿಯ ಮುಂದೆ ಗ್ರಿಂಡ್ಲೇಸ್ ಬ್ಯಾಂಕಿನ ವಿವಾದ ಬಂದಿತ್ತು. ನೌಕರರ ಸಂಘದ ಕಾರ್ಯದರ್ಶಿಯ ತಂದೆ ತೀರಿಕೊಂಡಿದ್ದರು. ವಿಚಾರಣೆಯ ದಿನವೇ ಶ್ರಾದ್ಧ. ವಕೀಲರು ತಂತಿ ತೋರಿಸಿ ವಾಯಿದೆ ಕೇಳಿದರು. ಮಂಡಳಿ ಒಪ್ಪಲಿಲ್ಲ, ಏಕಪಕ್ಷೀಯ ಐತೀರ್ಪು ಕೊಟ್ಟಿತು. ಮರುವರ್ಷ ಮಂಡಳಿಯೇ ಅದನ್ನು ರದ್ದುಪಡಿಸಿದಾಗ ಬ್ಯಾಂಕು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸಾಕಷ್ಟು ಕಾರಣದಿಂದ ಬರಲಾಗದೆ ಹೋದವನ ಬೆನ್ನ ಹಿಂದೆ ಕೊಟ್ಟ ಐತೀರ್ಪನ್ನು ತೆಗೆದುಹಾಕುವ ಅಧಿಕಾರ, ಕಾಯ್ದೆಯಲ್ಲಿ ನೇರವಾಗಿ ಬರೆದಿಲ್ಲದಿದ್ದರೂ, ಮಂಡಳಿಗೆ ಉಂಟು ಎಂದು 1980ರಲ್ಲಿ ಆ ಕೋರ್ಟು ಹೇಳಿತು. ಐತೀರ್ಪು ಪ್ರಕಟವಾಗಿ 30 ದಿನ ಕಳೆದರೆ ಈ ಬಾಗಿಲು ಮುಚ್ಚುತ್ತದೆ ಎಂಬ ಮಾತು 2004ರಲ್ಲಿ ಬಂತು. 2018ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿ, 30 ದಿನದ ನಂತರವೂ ಅರ್ಜಿ ಕೇಳಬಹುದು ಎಂದಿತು.

ಕೇಳಲು ಹಿತವಾಗಿದೆ. ಆದರೆ ಈ ಕೊನೆಯ ಎರಡೂ ಪ್ರಕರಣಗಳಲ್ಲಿ ಗೈರುಹಾಜರಾಗಿದ್ದವರು ಕಾರ್ಮಿಕರಲ್ಲ, ಮಾಲೀಕರು! ಬಡವನಿಗೆಂದು ತೆರೆದಿಟ್ಟ ಬಾಗಿಲಲ್ಲಿ ಧಣಿಯೂ ಬರುತ್ತಾನೆ. ಕೂಲಿ ಬಿಟ್ಟು, ಬಸ್ಸು ಹಿಡಿದು, ಪ್ರತಿ ವಾಯಿದೆಗೂ ಬಂದು ಗೆದ್ದ ಕಾರ್ಮಿಕ ಮತ್ತೆ ಮೊದಲಿನಿಂದ ಬಸ್ಸು ಹತ್ತಬೇಕು. ಬಂದವನಿಗೂ ನ್ಯಾಯದ ಸಾಲವಿದೆಯಲ್ಲವೇ?

ಗೈರುಹಾಜರಾದವನ ಮೇಲೆ ತೀರ್ಪು ಕೊಡಬಹುದೇ ಎಂಬ ಬಗ್ಗೆ ನಮ್ಮ ಫಿಕ್‌ಹ್ ಪಂಡಿತರೂ ಒಮ್ಮತಕ್ಕೆ ಬರಲಿಲ್ಲ. ಹನಫಿಗಳು ಸಾಮಾನ್ಯವಾಗಿ ಕೂಡದೆಂದರು; ಶಾಫಿಗಳು ಷರತ್ತುಗಳೊಡನೆ ಒಪ್ಪಿದರು. ಖಲೀಫ ಉಮರ್(ರ) ಅವರು ಅಬೂ ಮೂಸಾ ಅಶ್‌ಅರಿಯವರಿಗೆ ಬರೆದರೆನ್ನಲಾದ ಪತ್ರದಲ್ಲಿ, ನಿನ್ನೆ ಕೊಟ್ಟ ತೀರ್ಪು ಇಂದು ಸತ್ಯದ ಕಡೆಗೆ ಮರಳಲು ಅಡ್ಡಿಯಾಗಬಾರದು ಎಂಬ ಅರ್ಥದ ಮಾತಿದೆ. ಅದೇ ಪತ್ರದಲ್ಲಿ ಪುರಾವೆ ತರಬೇಕಾದವನಿಗೆ ಗಡುವು ಕೊಡು ಎಂದೂ ಇದೆ. ಗಡುವು ಎಂದ ಮೇಲೆ ಅದಕ್ಕೊಂದು ಕೊನೆಯೂ ಇರಬೇಕು.

ನನಗನಿಸುವುದು, ಬಾಗಿಲು ತೆರೆದೇ ಇರಲಿ, ಆದರೆ ಎಲ್ಲರ ಕಾರಣವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಮಾನತೆಯಲ್ಲ. ಸಂಬಳದ ವಕೀಲರಿರುವ ಕಂಪೆನಿ ದಿನ ಮರೆತರೆ, ಬಂದು ಕಾದವನ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಮೊದಲು ಅವನ ಕೈಗಿಟ್ಟು ನಂತರ ಮಾತಾಡಲಿ.

2025ರ ನವೆಂಬರ್ 21ರಿಂದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಕೋಟೆಯಿಂದ ಮೈಸೂರಿಗೆ ದಾರಿಯೇನೂ ಹತ್ತಿರವಾಗಿಲ್ಲ. ಸಾಕಷ್ಟು ಕಾರಣ ಎಂದರೆ ಪುರಾವೆ ಎಲ್ಲಿ ಎಂದು ಕೇಳುತ್ತಾರೆ. ಕಲ್ಕತ್ತೆಯ ಕಾರ್ಯದರ್ಶಿಯ ಬಳಿ ಒಂದು ತಂತಿಯಾದರೂ ಇತ್ತು. ಆ ತಂತಿ ಸೇವೆಯೂ 2013ರಲ್ಲಿ ನಿಂತುಹೋಯಿತು. ಆ ವಾರವಿಡೀ ಇವನು ನನ್ನ ಬ್ಯಾರನ್ನಿನ ಬೆಂಕಿ ಕಾಯುತ್ತಿದ್ದ ಎಂದು ಯಾವ ಯಜಮಾನ ಚೀಟಿ ಬರೆದುಕೊಡುತ್ತಾನೆ? ಆಗ ನ್ಯಾಯಾಧೀಶರ ಮುಂದಿರುವುದು ಆ ಕಾರ್ಮಿಕನ ಮಾತು ಮಾತ್ರ.